ಬೆಂಗಳೂರಿನಲ್ಲಿ ಮೀನು ರೋಗತಜ್ಞೆಯ ಕೆಲಸ

ನಮ್ಮ ಪ್ರಯೋಗಾಲಯಕ್ಕೆ ಬರುವ ಮೀನುಗಳಲ್ಲಿ ಹೆಚ್ಚಿನವು ತಡವಾಗಿಯೇ ಬರುತ್ತವೆ. ಬೆಳಗಿನ ಜಾವ ಸತ್ತ ಮೀನನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಬೈಕಿನ ಹ್ಯಾಂಡಲ್‌ಗೆ ತೂಗುಹಾಕಿಕೊಂಡು, ಯಲಹಂಕದ ಸಿಗ್ನಲ್‌ಗಳಲ್ಲಿ ನಿಂತು ನಿಂತು ಮಧ್ಯಾಹ್ನದ ಹೊತ್ತಿಗೆ ತಲುಪಿಸುವ ರೈತನಿಗೆ, ಆ ಮೀನಿನಿಂದ ಇನ್ನು ಹೆಚ್ಚೇನೂ ತಿಳಿಯುವುದಿಲ್ಲ ಎಂದು ಹೇಳುವುದು ಈ ವೃತ್ತಿಯಲ್ಲಿ ನನಗೆ ಇಂದಿಗೂ ಕಷ್ಟದ ಮಾತು. ಮೀನು ಸತ್ತ ಕೂಡಲೇ ಕೊಳೆಯಲು ತೊಡಗುತ್ತದೆ; ಬಿಸಿಲಿನ ದಿನಗಳಲ್ಲಿ ಒಂದೆರಡು ಗಂಟೆಯೊಳಗೆ ಕಿವಿರಿನ ನವಿರಾದ ಪದರಗಳು ಕಳಚಿಕೊಳ್ಳುತ್ತವೆ, ಕರುಳಿನಲ್ಲಿದ್ದ ಬ್ಯಾಕ್ಟೀರಿಯಾಗಳು ಇಡೀ ದೇಹಕ್ಕೆ ಹಬ್ಬುತ್ತವೆ, ಆಮೇಲೆ ನಾವು ಬೆಳೆಸಿ ತೋರಿಸುವ ಬ್ಯಾಕ್ಟೀರಿಯಾ ಮೀನನ್ನು ಕೊಂದದ್ದೋ ಸತ್ತ ಮೀನನ್ನು ತಿಂದದ್ದೋ ಎಂದು ಬೇರ್ಪಡಿಸಲು ಆಗುವುದಿಲ್ಲ. ಕೆಲವರು ಒಳ್ಳೆಯದಾಗಲೆಂದು ಫ್ರೀಜರ್‌ನಲ್ಲಿಟ್ಟು ಗಟ್ಟಿಮಾಡಿ ತರುತ್ತಾರೆ. ಅದು ಇನ್ನೂ ತೊಂದರೆ, ಏಕೆಂದರೆ ಹೆಪ್ಪುಗಟ್ಟುವಾಗ ಜೀವಕೋಶಗಳು ಒಡೆದು ಹೋಗಿ ಸೂಕ್ಷ್ಮದರ್ಶಕದ ಕೆಳಗೆ ನೋಡುವಂಥದ್ದು ಏನೂ ಉಳಿಯುವುದಿಲ್ಲ. ಹಾಗಾಗಿ ಫೋನಿನಲ್ಲಿ ಯಾರೇ ವಿಚಾರಿಸಿದರೂ ನಾನು ಮೊದಲು ಹೇಳುವ ಮಾತು ಒಂದೇ: ಸತ್ತದ್ದು ಬೇಡ, ಸಾಯುವಂತಿರುವ ಮೀನನ್ನು ಅದೇ ಹೊಂಡದ ನೀರಿನಲ್ಲಿ, ಗಾಳಿ ತುಂಬಿದ ಚೀಲದಲ್ಲಿ, ಜೀವಂತ ತನ್ನಿ; ಆಗದಿದ್ದರೆ ಈಗಷ್ಟೇ ಸತ್ತದ್ದನ್ನು ಐಸಿನ ಮೇಲಿಟ್ಟು ತನ್ನಿ.

ಮೀನಿನ ರೋಗಗಳನ್ನು ಪತ್ತೆ ಮಾಡುವ ಈ ಉದ್ಯೋಗದ ಬಗ್ಗೆ ವಿದ್ಯಾರ್ಥಿಗಳು ಆಗಾಗ ಕೇಳುತ್ತಿರುತ್ತಾರೆ. ಅವರು ಕಲ್ಪಿಸಿಕೊಂಡಿರುವುದು ಬಿಳಿ ಕೋಟು, ಸೂಕ್ಷ್ಮದರ್ಶಕ, ಪಿಸಿಆರ್ ಯಂತ್ರ. ಅವೆಲ್ಲವೂ ಇವೆ. ಆದರೆ ನನ್ನ ಅನುಭವದಲ್ಲಿ ಈ ಕೆಲಸದ ಹೆಚ್ಚಿನ ಭಾಗ ನೀರಿನ ಪೂರ್ವಾಪರವನ್ನು ವಿಚಾರಿಸುವುದರಲ್ಲಿ ಮತ್ತು, ಮೀನು ಸತ್ತದ್ದು ರೋಗದಿಂದ ಅಲ್ಲ ಎಂದು ಆಧಾರಸಹಿತ ತೋರಿಸಿಕೊಡುವುದರಲ್ಲಿ ಕಳೆಯುತ್ತದೆ. ರೋಗಶಾಸ್ತ್ರ ಓದಿದವರು ರೋಗವಿಲ್ಲವೆಂದು ಬರೆದು ಕೊಡುವುದು ವಿಚಿತ್ರವಾಗಿ ಕಂಡೀತು. ಆದರೂ ನನ್ನ ಕೈಯಿಂದ ಹೋದ ವರದಿಗಳಲ್ಲಿ ರೈತರಿಗೆ ಹೆಚ್ಚು ಹಣ ಉಳಿಸಿದವು ಅಂಥವೇ ಎಂಬುದು ನನ್ನ ನಂಬಿಕೆ.

ನಾನು ಓದಿದ್ದು ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ. 1969ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಅಡಿಯಲ್ಲಿ ಆರಂಭವಾದ ಆ ಕಾಲೇಜು ಈಗ ಬೀದರ್‌ನಲ್ಲಿ ಕೇಂದ್ರ ಕಚೇರಿಯಿರುವ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದೆ. ಪಿಯುಸಿಯಲ್ಲಿ ವಿಜ್ಞಾನ ಓದಿ ಸಿಇಟಿ ಮೂಲಕ ಬಿ.ಎಫ್.ಎಸ್ಸಿ., ಅಂದರೆ ಮೀನುಗಾರಿಕಾ ವಿಜ್ಞಾನದ ಪದವಿಗೆ ಸೇರಿದರೆ ನಾಲ್ಕು ವರ್ಷ. ಜಲಕೃಷಿ, ಮೀನು ಸಂಸ್ಕರಣೆ, ಬಲೆ ಮತ್ತು ದೋಣಿ, ಸಾಗರಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ, ಎಲ್ಲವನ್ನೂ ಅಷ್ಟಷ್ಟು ಓದಬೇಕು. ರೋಗಗಳ ವಿಷಯ ಅದರಲ್ಲಿ ಒಂದು ಸಣ್ಣ ಪಾಲು ಮಾತ್ರ. ಅದನ್ನೇ ಹಿಡಿಯಬೇಕೆಂದರೆ ಮುಂದೆ ಜಲಚರಗಳ ಆರೋಗ್ಯ ನಿರ್ವಹಣೆಯಲ್ಲಿ ಎರಡು ವರ್ಷದ ಎಂ.ಎಫ್.ಎಸ್ಸಿ. ಮಾಡಬೇಕು, ಮಂಗಳೂರಿನಲ್ಲಿಯೂ ಮುಂಬಯಿಯ ಕೇಂದ್ರೀಯ ಮೀನುಗಾರಿಕೆ ಶಿಕ್ಷಣ ಸಂಸ್ಥೆಯಲ್ಲಿಯೂ ಅದಕ್ಕೆ ಅವಕಾಶವಿದೆ. ಸಂಶೋಧನೆಯ ಹುದ್ದೆಗೆ ಪಿಎಚ್.ಡಿ. ಇಲ್ಲದೆ ಈಗ ಯಾರೂ ಕರೆಯುವುದಿಲ್ಲ. ಕಡಲ ತೀರದಲ್ಲಿ ಓದಿ, ಕಡಲೇ ಇಲ್ಲದ ಬೆಂಗಳೂರಿಗೆ ಮೀನಿನ ಕೆಲಸಕ್ಕೆ ಬಂದೆನೆಂದು ನೆಂಟರಿಷ್ಟರು ಇಂದಿಗೂ ನಗುತ್ತಾರೆ. ಅವರಿಗೆ ಹೆಸರಘಟ್ಟ ಗೊತ್ತಿಲ್ಲ. 1894ರಲ್ಲಿ ನಗರದ ಕುಡಿಯುವ ನೀರಿಗಾಗಿ ಅರ್ಕಾವತಿಗೆ ಕಟ್ಟಿದ ಆ ಕೆರೆಯ ಆಸುಪಾಸಿನಲ್ಲಿಯೇ ಭುವನೇಶ್ವರದ ಸಿಹಿನೀರು ಜಲಕೃಷಿ ಸಂಸ್ಥೆಯ ಪ್ರಾದೇಶಿಕ ಕೇಂದ್ರವೂ, ನಮ್ಮ ವಿಶ್ವವಿದ್ಯಾಲಯದ ಮೀನುಗಾರಿಕೆ ಸಂಶೋಧನೆ ಮತ್ತು ಮಾಹಿತಿ ಕೇಂದ್ರವೂ ಇವೆ. ಸುತ್ತಲಿನ ಜಿಲ್ಲೆಗಳ ಕೆರೆ, ಕೃಷಿಹೊಂಡಗಳಿಗೆ ಕಾಟ್ಲಾ, ರೋಹು, ಸಾಮಾನ್ಯ ಗೆಂಡೆಯ ಮರಿ ಬಿಡುವವರು, ನಗರದೊಳಗಿನ ಕೆರೆಗಳನ್ನು ಟೆಂಡರ್ ಹಿಡಿದವರು, ಅಕ್ವೇರಿಯಂ ವ್ಯಾಪಾರಿಗಳು, ಅಪಾರ್ಟ್‌ಮೆಂಟಿನ ಕೊಳದಲ್ಲಿ ಕೋಯಿ ಎಂಬ ಬಣ್ಣದ ಗೆಂಡೆ ಸಾಕಿದವರು, ಎಲ್ಲರೂ ನಮ್ಮ ಬಾಗಿಲಿಗೆ ಬರುವವರೇ.

ಕೆಲಸ ಹೇಗೆ ನಡೆಯುತ್ತದೆ ಎಂಬುದಕ್ಕೆ ದೊಡ್ಡಬಳ್ಳಾಪುರದ ಕಡೆಯ ಒಂದು ಹೊಂಡದ ಪ್ರಸಂಗವನ್ನು ಹೇಳುತ್ತೇನೆ. ಕಳೆದ ಬೇಸಿಗೆಯಲ್ಲಿ ಅದರ ಮಾಲೀಕರು ಫೋನ್ ಮಾಡಿದಾಗ ಅವರ ಮೊದಲ ಮಾತೇ, "ಮೇಡಮ್, ಯಾವ ಔಷಧಿ ಹಾಕ್ಲಿ ಹೇಳ್ಬಿಡಿ" ಎಂದಾಗಿತ್ತು. ನಾನು ಔಷಧಿಯ ಮಾತಿಗೆ ಹೋಗದೆ ನನ್ನ ಮಾಮೂಲಿ ಪ್ರಶ್ನೆಗಳನ್ನು ಕೇಳುತ್ತ ಹೋದೆ. ಮೀನು ಸಾಯಲು ಶುರುವಾದದ್ದು ಯಾವಾಗ, ದಿನಕ್ಕೆ ಎಷ್ಟು, ಬೆಳಿಗ್ಗೆಯೋ ಸಂಜೆಯೋ, ಎಲ್ಲ ಜಾತಿಯೂ ಸಾಯುತ್ತಿದೆಯೋ ಒಂದೇ ಜಾತಿಯೋ, ದೊಡ್ಡವೋ ಮರಿಗಳೋ, ಮೇವು ತಿನ್ನುತ್ತಿವೆಯೋ ಇಲ್ಲವೋ, ಹೊಸ ಮರಿ ಯಾವಾಗ ಎಲ್ಲಿಂದ ತಂದು ಬಿಟ್ಟಿರಿ, ನೀರಿನ ಬಣ್ಣ ಬದಲಾಗಿದೆಯೇ, ಪಕ್ಕದ ತೋಟದವರು ಟೊಮೆಟೊಗೆ ಏನಾದರೂ ಸಿಂಪಡಿಸಿದರೇ. ಕಡೆಯದಾಗಿ, ಈಗಾಗಲೇ ಏನೇನು ಹಾಕಿದ್ದೀರಿ. ಈ ಕಡೆಯ ಪ್ರಶ್ನೆಗೆ ನೇರ ಉತ್ತರ ಬರುವುದು ಅಪರೂಪ. ಇವರೂ ಸ್ವಲ್ಪ ತಡವರಿಸಿ, ಔಷಧಿ ಅಂಗಡಿಯಿಂದ ತಂದ ಯಾವುದೋ ಪುಡಿಯನ್ನು ಮೇವಿಗೆ ಬೆರೆಸಿ ಹಾಕಿದ್ದಾಗಿ ಹೇಳಿದರು. ಪೊಟ್ಟಣವನ್ನು ಎಸೆಯದೆ ಇಟ್ಟುಕೊಂಡಿರಿ ಎಂದೆ.

ಮರುದಿನ ಸೂರ್ಯ ಹುಟ್ಟುವ ಮೊದಲೇ ಹೊಂಡದ ಬದಿಯಲ್ಲಿದ್ದೆವು. ಆ ಹೊತ್ತನ್ನು ಆರಿಸಿಕೊಳ್ಳಲು ಕಾರಣವಿದೆ: ಹಗಲಿನಲ್ಲಿ ಪಾಚಿ ಬಿಸಿಲಿನಿಂದ ಆಮ್ಲಜನಕ ತಯಾರಿಸುತ್ತದೆ, ರಾತ್ರಿಯಿಡೀ ಅದೇ ಪಾಚಿ, ಮೀನು, ತಳದ ಕೆಸರು ಎಲ್ಲವೂ ಸೇರಿ ಅದನ್ನು ಖರ್ಚು ಮಾಡುತ್ತವೆ, ಹಾಗಾಗಿ ಬೆಳಗಿನ ಜಾವಕ್ಕೆ ನೀರಿನಲ್ಲಿ ಕರಗಿದ ಆಮ್ಲಜನಕ ಅತ್ಯಂತ ಕಡಿಮೆಯಿರುತ್ತದೆ. ಮಧ್ಯಾಹ್ನ ಹನ್ನೆರಡಕ್ಕೆ ಅಳೆದು ಎಲ್ಲವೂ ಸರಿಯಾಗಿದೆ ಎಂದು ಬರೆದ ವರದಿಗಳನ್ನು ನಾನು ಬಹಳ ನೋಡಿದ್ದೇನೆ. ಅವುಗಳಿಂದ ಯಾರಿಗೂ ಪ್ರಯೋಜನವಿಲ್ಲ. ಬೆಂಗಳೂರಿನ ಸುತ್ತಮುತ್ತ ಅಳೆಯುವವರು ಇನ್ನೊಂದನ್ನೂ ನೆನಪಿಡಬೇಕು. ನಾವಿರುವುದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ. ಗಾಳಿಯ ಒತ್ತಡ ಕಡಿಮೆಯಾದ್ದರಿಂದ ನೀರು ಹಿಡಿದಿಡಬಲ್ಲ ಆಮ್ಲಜನಕವೂ ಕರಾವಳಿಗಿಂತ ಹೆಚ್ಚುಕಡಿಮೆ ಹತ್ತನೇ ಒಂದು ಪಾಲು ಕಡಿಮೆ. ಮೀಟರನ್ನು ಎತ್ತರಕ್ಕೆ ಹೊಂದಿಸದೆ ಹೋದರೆ ಅದು ತೋರಿಸುವ ಅಂಕಿಯನ್ನು ನಂಬುವಂತಿಲ್ಲ. ಅಂದು ಲೀಟರಿಗೆ 4 ಮಿಲಿಗ್ರಾಂಗಿಂತ ಸ್ವಲ್ಪ ಹೆಚ್ಚಿತ್ತು. ರೋಹುವಿನಂಥ ಗೆಂಡೆ ಜಾತಿಯ ಮೀನುಗಳಿಗೆ 5 ಇದ್ದರೆ ನೆಮ್ಮದಿ, 3ಕ್ಕಿಂತ ಕೆಳಗಿಳಿದರೆ ಸಂಕಟ. ಹಾಗಾಗಿ ಉಸಿರುಕಟ್ಟಿ ಸತ್ತವು ಎನ್ನುವಂತಿರಲಿಲ್ಲ.

ನೀರಿನ ಮೇಲೆ ಕಂಡದ್ದು ಬೇರೆ. ರೋಹುಗಳು ಒಂದೇ ಸಮನೆ ನೆಗೆಯುತ್ತಿದ್ದವು, ಕೆಲವು ದಡದ ಕಲ್ಲಿಗೆ ಮೈ ಉಜ್ಜಿಕೊಳ್ಳುತ್ತಿದ್ದವು. ಬೀಸುಬಲೆಯಲ್ಲಿ ಹಿಡಿದು ತಟ್ಟೆಗೆ ಹಾಕಿದ ಮೊದಲ ಮೀನಿನ ಮೈಮೇಲೆಯೇ ಉತ್ತರ ಓಡಾಡುತ್ತಿತ್ತು: ರೆಕ್ಕೆಯ ಬುಡದಲ್ಲಿ, ತಲೆಯ ಹಿಂದೆ, ಪಾರದರ್ಶಕವಾದ, ಚಪ್ಪಟೆ, ದುಂಡನೆಯ ಮೀನು ಹೇನುಗಳು. ಆರ್ಗ್ಯುಲಸ್ ಎಂದು ಕರೆಯುವ ಈ ಪರಾವಲಂಬಿ ಹೇನಿನ ಜಾತಿಯದಲ್ಲ, ಸಿಗಡಿ ಏಡಿಗಳ ದೂರದ ಬಂಧು. ಮೀನಿನ ಚರ್ಮಕ್ಕೆ ಸೂಜಿಯಂಥ ಅಂಗವನ್ನು ಚುಚ್ಚಿ ರಕ್ತ ಮತ್ತು ದೇಹದ್ರವವನ್ನು ಹೀರುತ್ತದೆ. ಚುಚ್ಚಿದ ಜಾಗ ಕೆಂಪಾಗಿ, ಹುರುಪೆ ಉದುರಿ, ಅಲ್ಲಿಂದ ಬ್ಯಾಕ್ಟೀರಿಯಾ ಒಳಹೊಕ್ಕುತ್ತದೆ.

ಮಾಲೀಕರಿಗೆ ಅಷ್ಟೇ ಸಾಕಾಗಿತ್ತು; ನಮಗೆ ಸಾಲದು. ಹೇನು ಇದ್ದ ಮಾತ್ರಕ್ಕೆ ಹೇನಿನಿಂದಲೇ ಸತ್ತಿತೆಂದು ತೀರ್ಮಾನಿಸುವುದು ನಮ್ಮ ವೃತ್ತಿಯಲ್ಲಿ ನಡೆಯುವುದಿಲ್ಲ. ಲವಂಗದ ಎಣ್ಣೆ ಬೆರೆಸಿದ ನೀರಿನಲ್ಲಿ ಮೀನಿಗೆ ಅರಿವಳಿಕೆ ಕೊಟ್ಟು, ಮೈಮೇಲಿನ ಲೋಳೆಯನ್ನು ಗಾಜಿನ ಅಂಚಿನಿಂದ ಹಗುರಾಗಿ ಕೆರೆದು ಸ್ಲೈಡಿನ ಮೇಲೆ ಹೊಂಡದ ನೀರಿನ ಹನಿಯೊಂದಿಗೆ ಇಟ್ಟು ನೋಡುವುದು ಮೊದಲ ಹಂತ. ಎರಡನೆಯದು ಕಿವಿರಿನ ಒಂದು ಚೂರನ್ನು ಕತ್ತರಿಸಿ ಹಾಗೆಯೇ ನೋಡುವುದು. ಆರೋಗ್ಯವಂತ ಕಿವಿರಿನ ಎಳೆಗಳು ಬಾಚಣಿಗೆಯ ಹಲ್ಲುಗಳಂತೆ ಬಿಡಿಬಿಡಿಯಾಗಿ, ಅಚ್ಚಗೆಂಪಾಗಿ ಕಾಣಬೇಕು. ಈ ಮೀನಿನಲ್ಲಿ ಅವು ಅಲ್ಲಲ್ಲಿ ಬಿಳಿಚಿಕೊಂಡು, ಹೆಚ್ಚಾದ ಲೋಳೆಯಿಂದ ಒಂದಕ್ಕೊಂದು ಅಂಟಿಕೊಂಡಿದ್ದವು, ನಡುನಡುವೆ ಕಿವಿರಿನ ಹುಳುಗಳಾದ ಡ್ಯಾಕ್ಟೈಲೋಜೈರಸ್‌ಗಳು ನುಲಿಯುತ್ತಿದ್ದವು. ಆಮೇಲೆ ಹೊಟ್ಟೆಯನ್ನು ಸ್ಪಿರಿಟ್‌ನಿಂದ ಒರೆಸಿ, ಗುದದ್ವಾರದ ಮುಂದಿನಿಂದ ಕತ್ತರಿ ಹಾಕಿ, ಕರುಳಿಗೆ ತಾಗದಂತೆ ಪಕ್ಕದ ಗೋಡೆಯನ್ನು ಎತ್ತಿ ತೆಗೆಯುತ್ತೇವೆ. ಮೀನಿನ ಮೂತ್ರಪಿಂಡ ಬೆನ್ನುಮೂಳೆಗೆ ಅಂಟಿಕೊಂಡು ಉದ್ದಕ್ಕೆ ಹರಡಿರುತ್ತದೆ. ಗಾಳಿಚೀಲವನ್ನು ಸರಿಸಿದರೆ ಮಾತ್ರ ಕಾಣುತ್ತದೆ. ಬ್ಯಾಕ್ಟೀರಿಯಾ ಬೆಳೆಸಲು ನಾವು ಹೆಚ್ಚಾಗಿ ನೆಚ್ಚುವ ಅಂಗ ಅದೇ, ಏಕೆಂದರೆ ರಕ್ತದಲ್ಲಿ ಸೋಂಕಿದ್ದರೆ ಅಲ್ಲಿ ಸಿಕ್ಕೇ ಸಿಗುತ್ತದೆ, ಕರುಳಿನ ಕಲಬೆರಕೆಯೂ ಅಲ್ಲಿ ಕಡಿಮೆ. ಬೆಂಕಿಯಲ್ಲಿ ಕಾಯಿಸಿದ ಲೂಪ್ ಎಂಬ ತಂತಿಯ ಕುಣಿಕೆಯನ್ನು ಚುಚ್ಚಿ ತೆಗೆದು ಹೊಂಡದ ಬದಿಯಲ್ಲಿಯೇ, ಬ್ಯಾಕ್ಟೀರಿಯಾ ಬೆಳೆಸುವ ಅಗಾರ್ ತಟ್ಟೆಯ ಮೇಲೆ ಗೆರೆ ಎಳೆದೆವು. ಕಿವಿರು, ಮೂತ್ರಪಿಂಡ, ಗುಲ್ಮ, ಯಕೃತ್ತುಗಳ ಸಣ್ಣ ತುಂಡುಗಳು ಶೇಕಡ 10ರ ಫಾರ್ಮಲಿನ್ ದ್ರಾವಣಕ್ಕೆ ಹೋದವು. ತುಂಡಿನ ಹತ್ತರಷ್ಟು ದ್ರಾವಣ ಇರಬೇಕು, ತುಂಡು ದಪ್ಪವಾದರೆ ಒಳಭಾಗ ಕೊಳೆಯುತ್ತದೆ. ವೈರಸ್ ಪರೀಕ್ಷೆಗೆ ಬೇಕಾದೀತೆಂದು ಇನ್ನಷ್ಟು ಚೂರುಗಳನ್ನು ಆಲ್ಕೋಹಾಲಿನಲ್ಲಿಟ್ಟೆವು.

ಪ್ರಯೋಗಾಲಯದಲ್ಲಿ ತಟ್ಟೆಗಳನ್ನು 28 ಡಿಗ್ರಿಯಲ್ಲಿ ಇಡುತ್ತೇವೆ. ಮನುಷ್ಯರ ಮಾದರಿಗಳಿಗೆ ಬಳಸುವ 37 ಡಿಗ್ರಿ ನಮಗೆ ಒಗ್ಗದು. ಮೀನಿನ ಮೈಯ ಬಿಸಿ ಎಂದರೆ ನೀರಿನ ಬಿಸಿಯೇ. ಮರುದಿನ ಮೂತ್ರಪಿಂಡದ ತಟ್ಟೆಯಲ್ಲಿ ಒಂದೇ ಬಗೆಯ ಕಾಲೊನಿಗಳು ದಟ್ಟವಾಗಿ ಎದ್ದಿದ್ದವು. ಮುಂದಿನ ಪರೀಕ್ಷೆಗಳಲ್ಲಿ ಅವು ಏರೋಮೋನಾಸ್ ಹೈಡ್ರೋಫಿಲಾ ಎಂದು ಗೊತ್ತಾಯಿತು. ಈ ಹೆಸರು ಕೇಳಿದೊಡನೆ ಗಾಬರಿಯಾಗುವ ಅಗತ್ಯವಿಲ್ಲ. ನಮ್ಮ ಯಾವುದೇ ಕೆರೆಯ ನೀರನ್ನು ಬೆಳೆಸಿ ನೋಡಿದರೂ ಅದು ಸಿಗುತ್ತದೆ. ಮೀನು ಗಟ್ಟಿಯಾಗಿದ್ದಷ್ಟು ದಿನ ಅದು ನೀರಿನಲ್ಲಿ ತನ್ನ ಪಾಡಿಗೆ ತಾನಿರುತ್ತದೆ; ಹೇನು ಚುಚ್ಚಿ ಗಾಯವಾದಾಗ, ದಟ್ಟಣೆ ಹೆಚ್ಚಿ ಮೀನು ಸೊರಗಿದಾಗ ಒಳನುಗ್ಗುತ್ತದೆ. ಇಲ್ಲಿ ಅದು ಹಲವು ಮೀನುಗಳ ಮೂತ್ರಪಿಂಡದಿಂದ, ಅಪ್ಪಟವಾಗಿ, ಬದುಕಿದ್ದ ಮೀನಿನಿಂದಲೇ ಬಂದಿತ್ತಾದ್ದರಿಂದ ಅದಕ್ಕೆ ತೂಕವಿತ್ತು. ಆಂಟಿಬಯೋಟಿಕ್ ಬಿಲ್ಲೆಗಳ ಪರೀಕ್ಷೆಯಲ್ಲಿ, ಮಾಲೀಕರು ಮೇವಿಗೆ ಬೆರೆಸಿದ್ದ ಔಷಧಿಯ ಸುತ್ತ ಬ್ಯಾಕ್ಟೀರಿಯಾ ಆರಾಮವಾಗಿ ಬೆಳೆದಿತ್ತು, ಅಂದರೆ ಆ ಔಷಧಿ ಅದಕ್ಕೆ ನಾಟುತ್ತಿರಲಿಲ್ಲ. ಪೊಟ್ಟಣವನ್ನು ಇಟ್ಟುಕೊಳ್ಳಲು ಹೇಳಿದ್ದು ಇದಕ್ಕೇ.

ಅಂಗಾಂಶದ ಸ್ಲೈಡುಗಳಿಗೆ ಇನ್ನೂ ಕೆಲವು ದಿನ ಹಿಡಿಯಿತು. ತುಂಡುಗಳಿಂದ ಆಲ್ಕೋಹಾಲಿನ ಮೂಲಕ ನೀರನ್ನು ತೆಗೆದು, ಮೇಣದಲ್ಲಿ ಹುದುಗಿಸಿ, ಮೈಕ್ರೋಟೋಮ್ ಎಂಬ ಕೊಯ್ಯುವ ಯಂತ್ರದಿಂದ 5 ಮೈಕ್ರಾನ್ ತೆಳುವಾಗಿ ಸೀಳಿ, ಬಣ್ಣ ಹಾಕುವ ಈ ಕೆಲಸವನ್ನು ನಮ್ಮಲ್ಲಿ ಮಾಡುವ ತಂತ್ರಜ್ಞರ ಕೈ ನನ್ನದಕ್ಕಿಂತ ಬಹಳ ಪಳಗಿದ್ದು. ಒಳ್ಳೆಯ ತಂತ್ರಜ್ಞರಿಲ್ಲದ ಕಡೆ ದೊಡ್ಡ ಪದವಿಯ ರೋಗತಜ್ಞರಿದ್ದೂ ಕೆಲಸ ಸಾಗುವುದಿಲ್ಲ. ಸ್ಲೈಡಿನಲ್ಲಿ ಕಿವಿರಿನ ಪದರಗಳು ದಪ್ಪಗಾಗಿ ಒಂದಕ್ಕೊಂದು ಬೆಸೆದುಕೊಂಡದ್ದು ಕಂಡಿತು. ಗುಲ್ಮದಲ್ಲಿ ಕಂದುಬಣ್ಣದ ರಕ್ಷಣಾ ಕೋಶಗಳ ಗುಂಪುಗಳು ಮಾಮೂಲಿಗಿಂತ ಹೆಚ್ಚಾಗಿದ್ದವು. ಅಂದರೆ ಈ ಮೀನುಗಳ ಕಷ್ಟ ಕಳೆದ ವಾರ ಶುರುವಾದದ್ದಲ್ಲ, ಬಹಳ ದಿನಗಳಿಂದ ಇದ್ದದ್ದು.

ವರದಿಯಲ್ಲಿ ಔಷಧಿಗಿಂತ ಹೆಚ್ಚು ಸಾಲುಗಳು ಬೇರೆ ವಿಷಯಕ್ಕೆ ಹೋದವು. ಮೀನಿನ ಸಂಖ್ಯೆಯನ್ನು ಇಳಿಸುವುದು, ತಳದಲ್ಲಿ ಕೊಳೆಯುತ್ತಿದ್ದ ಹಿಂಡಿ ಮತ್ತು ತೌಡಿನ ಪ್ರಮಾಣವನ್ನು ತಗ್ಗಿಸುವುದು, ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯನ್ನು ನಿಲ್ಲಿಸುವುದು ಮೊದಲಾದವು. ಹೇನಿಗೆ ಔಷಧಿ ಇದೆ, ಆದರೆ ಅದು ಮೊಟ್ಟೆಯನ್ನು ಕೊಲ್ಲುವುದಿಲ್ಲ. ಹೆಣ್ಣು ಹೇನು ಮೊಟ್ಟೆ ಇಡಲು ಮೀನನ್ನು ಬಿಟ್ಟು ಕಲ್ಲು, ಕಟ್ಟಿಗೆಯಂಥ ಗಟ್ಟಿ ಜಾಗವನ್ನು ಹುಡುಕಿಕೊಂಡು ಹೋಗುತ್ತದೆ. ಈ ಅಭ್ಯಾಸವನ್ನೇ ಬಳಸಿಕೊಂಡು, ಹೊಂಡದಲ್ಲಿ ಅಲ್ಲಲ್ಲಿ ಬಿದಿರು ಗಳುಗಳನ್ನು ನೆಟ್ಟು, ವಾರಕ್ಕೊಮ್ಮೆ ಕಿತ್ತು ಬಿಸಿಲಿನಲ್ಲಿ ಒಣಗಿಸಿ ಮತ್ತೆ ನೆಡುವಂತೆ ತಿಳಿಸಿದೆವು. ಖರ್ಚಿಲ್ಲದ ಉಪಾಯವಾದ್ದರಿಂದಲೋ ಏನೋ ಮಾಲೀಕರಿಗೆ ಮೊದಲು ನಂಬಿಕೆ ಬರಲಿಲ್ಲ. "ಇಷ್ಟು ದೂರ ಬಂದು ಬಿದಿರು ನೆಡಿ ಅಂತೀರಲ್ಲ ಮೇಡಮ್" ಎಂದರು. ಕಿತ್ತ ಗಳುವಿನ ಮೇಲೆ ಸಾಲಾಗಿ ಅಂಟಿದ್ದ ಮೊಟ್ಟೆಗಳನ್ನು ಕೈಮಸೂರದಲ್ಲಿ ತೋರಿಸಿದ ಮೇಲೆ ಒಪ್ಪಿದರು.

ನಗರದ ಕೆರೆಗಳ ಕೆಲಸ ಇದಕ್ಕಿಂತ ಪೂರ್ತಿ ಭಿನ್ನ. ಅಲ್ಲಿ ರೋಗಿಯೂ ಒಬ್ಬರಲ್ಲ, ಕೇಳುವವರೂ ಒಬ್ಬರಲ್ಲ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದ್ದು ಬೆಂಗಳೂರಿನ ಅನೇಕರಿಗೆ ನೆನಪಿರಬಹುದು. ಆ ಬಳಿಕವೂ ಬೇಸಿಗೆಯ ಮೊದಲ ಮಳೆ ಬಿದ್ದಾಗ ಒಂದಲ್ಲ ಒಂದು ಕೆರೆಯಿಂದ ಅಂಥದ್ದೇ ಸುದ್ದಿ ಬರುತ್ತದೆ. ನಡೆಯುವುದು ಹೀಗೆ: ಬಿಸಿಲಿಗೆ ನೀರು ಇಳಿದು, ಕಾದು, ಪಾಚಿಯಿಂದ ಹಸಿರಾಗಿರುತ್ತದೆ. ಮೊದಲ ಜೋರು ಮಳೆ ರಾಜಕಾಲುವೆಯಲ್ಲಿ ತಿಂಗಳುಗಟ್ಟಲೆ ನಿಂತಿದ್ದ ಕೊಳಚೆಯನ್ನೆಲ್ಲ ಗುಡಿಸಿ ಕೆರೆಗೆ ತಂದು ಸುರಿಯುತ್ತದೆ, ತಳದ ಕೆಸರನ್ನೂ ಕಲಕುತ್ತದೆ. ಅದನ್ನು ಕೊಳೆಸುವ ಬ್ಯಾಕ್ಟೀರಿಯಾ ಇದ್ದಬದ್ದ ಆಮ್ಲಜನಕವನ್ನೆಲ್ಲ ನುಂಗುತ್ತದೆ; ಮೋಡ ಕವಿದು ಬಿಸಿಲಿಲ್ಲದ್ದರಿಂದ ಪಾಚಿಯಿಂದ ಹೊಸದಾಗಿ ಬರುವುದೂ ಇಲ್ಲ. ಬೆಳಗಾಗುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ.

ಅಂಥ ಕಡೆ ದಡದಲ್ಲಿ ನಿಂತು ನೋಡಿದರೇ ಅರ್ಧ ಉತ್ತರ ಸಿಗುತ್ತದೆ. ಒಂದೇ ರಾತ್ರಿಯಲ್ಲಿ ಎಲ್ಲ ಜಾತಿಯ ಮೀನುಗಳೂ ಸತ್ತಿದ್ದರೆ, ಅವುಗಳಲ್ಲಿ ದೊಡ್ಡವು ಮೊದಲು ಹೋಗಿದ್ದರೆ, ಬಾಯಿ ತೆರೆದು ಕಿವಿರಿನ ಮುಚ್ಚಳ ಅಗಲವಾಗಿದ್ದರೆ, ಜಿಲೇಬಿ ಮೀನಿನಂಥ (ತಿಲಾಪಿಯಾ) ಗಟ್ಟಿ ಜಾತಿಗಳು ಮಾತ್ರ ಇನ್ನೂ ಮೇಲ್ಪದರದಲ್ಲಿ ಬಾಯಿ ಆಡಿಸುತ್ತಿದ್ದರೆ ಅದು ಆಮ್ಲಜನಕದ ಕೊರತೆ. ಒಂದೇ ಜಾತಿ, ದಿನಕ್ಕೆ ಹತ್ತು, ಮರುದಿನ ಮೂವತ್ತು ಎಂದು ಏರುತ್ತ ಹೋದರೆ ರೋಗವನ್ನು ಹುಡುಕಬೇಕು. ಮರಿಗಳು ಮೊದಲು ಸತ್ತು, ಜೊತೆಗೆ ಕಪ್ಪೆ, ಹುಳುಹುಪ್ಪಟೆಗಳೂ ಸತ್ತಿದ್ದರೆ ವಿಷ ಬೆರೆತ ಶಂಕೆ. ಕೊಳಚೆಯಿಂದ ನೀರಿಗೆ ಸೇರುವ ಅಮೋನಿಯಾದ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ನೀರಿನ ಆಮ್ಲ-ಕ್ಷಾರ ಗುಣವನ್ನು ಹೇಳುವ ಪಿಎಚ್ 7ರ ಹತ್ತಿರವಿದ್ದರೆ ಒಟ್ಟು ಅಮೋನಿಯಾದಲ್ಲಿ ಮೀನಿಗೆ ವಿಷವಾಗುವ ರೂಪ ಶೇಕಡ 1ನ್ನೂ ಮುಟ್ಟುವುದಿಲ್ಲ, ಅದೇ ಪಾಚಿ ತುಂಬಿದ ಕೆರೆಯಲ್ಲಿ ಮಧ್ಯಾಹ್ನದ ಹೊತ್ತು ಪಿಎಚ್ 9 ದಾಟಿದರೆ ಮೂರನೇ ಒಂದು ಪಾಲಿಗಿಂತಲೂ ಹೆಚ್ಚಾಗುತ್ತದೆ. ಪಿಎಚ್ ಮತ್ತು ಉಷ್ಣಾಂಶ ಬರೆಯದ ಅಮೋನಿಯಾದ ಅಂಕಿಗೆ ಅರ್ಥವೇ ಇಲ್ಲ.

ಕೆರೆಯ ದಡದಲ್ಲಿ ಮೀನುಗಾರರ ಸಹಕಾರ ಸಂಘದವರು ಮರಿಗೆ ಹಾಕಿದ ದುಡ್ಡು ಹೋಯಿತೆಂದು ಕುಳಿತಿರುತ್ತಾರೆ, ವಾಕಿಂಗ್ ಬಂದ ನಿವಾಸಿಗಳು ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಿರುತ್ತಾರೆ, ಟಿವಿಯವರ ಮೈಕು ಮುಖದ ಮುಂದಿರುತ್ತದೆ. ಎಲ್ಲರಿಗೂ ಒಂದೇ ಪದದ ಉತ್ತರ ಬೇಕು, ಆ ಪದದಲ್ಲಿ ಯಾರದಾದರೂ ತಪ್ಪು ಇರಬೇಕು. ಪರೀಕ್ಷೆ ಮುಗಿಯದೆ ದಡದ ಮೇಲೆ ಏನನ್ನೂ ಹೇಳಬಾರದು ಎಂಬುದನ್ನು ನನಗೆ ಕಲಿಸಿದವರು ಹಿರಿಯ ಸಹೋದ್ಯೋಗಿಗಳು. ಬಾಟಲಿಗೆ ಸೀಲು ಹಾಕಿ, ಯಾರು, ಎಲ್ಲಿ, ಎಷ್ಟು ಹೊತ್ತಿಗೆ ತೆಗೆದರು, ಯಾರ ಕೈಗೆ ಕೊಟ್ಟರು ಎಂದು ಬರೆದಿಡುವ ಅಭ್ಯಾಸವೂ ಅವರದ್ದೇ. ವರದಿ ಮುಂದೊಂದು ದಿನ ನ್ಯಾಯಾಲಯದ ಕಡತದೊಳಗೆ ಸೇರಿದರೆ, ನನ್ನ ಅಭಿಪ್ರಾಯಕ್ಕಿಂತ ಆ ಸೀಲಿನ ಬೆಲೆ ಹೆಚ್ಚು.

ಚಳಿಗಾಲದಲ್ಲಿ ಮಾತು ಬೇರೆ. ಡಿಸೆಂಬರ್, ಜನವರಿಯಲ್ಲಿ ನೀರು ತಣ್ಣಗಾದಾಗ ಮೈತುಂಬ ಹುಣ್ಣಿನ ಮೀನುಗಳು ಬಂದರೆ ನಾನು ಮೊದಲು ನೆನೆಯುವುದು ಹುಣ್ಣು ರೋಗದ ಪಿಡುಗನ್ನು. 1971ರಲ್ಲಿ ಜಪಾನಿನಲ್ಲಿ ಕಾಣಿಸಿಕೊಂಡು, ಆಗ್ನೇಯ ಏಷ್ಯಾವನ್ನು ಹಾದು, 1988ರಲ್ಲಿ ಈಶಾನ್ಯ ರಾಜ್ಯಗಳ ಮೂಲಕ ಭಾರತಕ್ಕೆ ಕಾಲಿಟ್ಟ ಈ ರೋಗಕ್ಕೆ ಕಾರಣ ಅಫನೊಮೈಸಿಸ್ ಇನ್ವಾಡನ್ಸ್ ಎಂಬ ಬೂಷ್ಟಿನಂಥ ಜೀವಿ. ಕೊರಮೀನುಗಳಿಗೆ ಮತ್ತು ಕೆರೆಯ ಸಣ್ಣಪುಟ್ಟ ಕಾಡುಮೀನುಗಳಿಗೆ ಅದು ಮೊದಲು ತಗಲುತ್ತದೆ. ಹುಣ್ಣನ್ನು ಕಣ್ಣಿನಿಂದ ನೋಡಿ ಹೇಳುವವರು ಎಲ್ಲ ಹುಣ್ಣನ್ನೂ ಇದೇ ಎನ್ನುತ್ತಾರೆ. ಆದರೆ ಬೆಳ್ಳಿಯ ಲವಣದ ಬಣ್ಣ ಹಾಕಿದ ಸ್ಲೈಡಿನಲ್ಲಿ ಸ್ನಾಯುವಿನ ಆಳಕ್ಕೆ ಇಳಿದ ಕಪ್ಪು ಎಳೆಗಳೂ, ಅವುಗಳ ಸುತ್ತ ದೇಹ ಕಟ್ಟಿದ ಕೋಶಗಳ ಗಂಟುಗಳೂ ಕಂಡಾಗ ಮಾತ್ರ ನಾನು ಆ ಹೆಸರನ್ನು ಬರೆಯುತ್ತೇನೆ. ಸ್ಲೈಡು ಓದುವುದರಲ್ಲಿ ಸಿಗುವ ಸಂತೋಷಗಳಲ್ಲಿ ಇದೊಂದು, ರೋಗಿಗೆ ಸಂತೋಷವಿಲ್ಲದಿದ್ದರೂ.

ಅಕ್ವೇರಿಯಂನವರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಅವರಲ್ಲಿ ಮುಕ್ಕಾಲು ಪಾಲಿನ ತೊಂದರೆ ಬಿಳಿ ಚುಕ್ಕೆ ರೋಗದ್ದು, ಇಲ್ಲವೇ ಹೊಸ ತೊಟ್ಟಿಗೆ ಅವಸರದಿಂದ ಮೀನು ತುಂಬಿದ್ದು. ಬಿಳಿ ಚುಕ್ಕೆಯ ಪರಾವಲಂಬಿ ಚರ್ಮದೊಳಗೆ ಇರುವಾಗ ಯಾವ ಔಷಧಿಯೂ ಮುಟ್ಟುವುದಿಲ್ಲ; ಅದು ಮೀನನ್ನು ಬಿಟ್ಟು ನೀರಿನಲ್ಲಿ ಈಜುವ ಹೊತ್ತಿಗೆ ಔಷಧಿ ನೀರಿನಲ್ಲಿರಬೇಕು. ಒಂದು ಸಲ ಹಾಕಿ, ಚುಕ್ಕೆ ಮಾಯವಾಯಿತೆಂದು ನಿಲ್ಲಿಸಿದವರು ಮುಂದಿನ ವಾರ ಮತ್ತೆ ಬರುತ್ತಾರೆ. ಇಲ್ಲಿ ನನಗಿರುವ ನಿಜವಾದ ಆತಂಕ ಬೇರೆಯದು. ಗೋಲ್ಡ್‌ಫಿಶ್, ಕೋಯಿಗಳು ದೂರದೂರದಿಂದ ಬಂದು ಊರೂರಿಗೆ ಹೋಗುತ್ತವೆ, ಅವುಗಳ ಜೊತೆ ವೈರಸ್‌ಗಳೂ ಪ್ರಯಾಣ ಮಾಡುತ್ತವೆ. ಬೇಸರವಾದಾಗ ತೊಟ್ಟಿಯ ಮೀನನ್ನು ಪುಣ್ಯ ಬರಲೆಂದು ಪಕ್ಕದ ಕೆರೆಗೆ ಬಿಡುವವರೂ ಕಡಿಮೆಯಿಲ್ಲ. ಸಾಕಿದ ಜಿಲೇಬಿ ಮೀನಿನ ವಿಷಯವೂ ಹಾಗೆಯೇ. 2014ರಲ್ಲಿ ಇಸ್ರೇಲಿನಿಂದ ವರದಿಯಾದ ತಿಲಾಪಿಯಾ ಲೇಕ್ ವೈರಸ್ ಭಾರತದಲ್ಲಿಯೂ ಇರುವುದು 2018ರ ಹೊತ್ತಿಗೆ ಪಶ್ಚಿಮ ಬಂಗಾಳ ಮತ್ತು ಕೇರಳದ ಮಾದರಿಗಳಿಂದ ತಿಳಿದುಬಂತು. ಇಂಥವುಗಳ ಮೇಲೆ ಕಣ್ಣಿಡಲು 2013ರಿಂದ ರಾಷ್ಟ್ರೀಯ ಜಲಚರ ರೋಗ ಕಣ್ಗಾವಲು ಕಾರ್ಯಕ್ರಮ ನಡೆಯುತ್ತಿದೆ; ಲಕ್ನೋದ ರಾಷ್ಟ್ರೀಯ ಮೀನು ಆನುವಂಶಿಕ ಸಂಪನ್ಮೂಲ ಸಂಸ್ಥೆ ಅದರ ಹೊಣೆ ಹೊತ್ತಿದೆ. 2023ರಲ್ಲಿ ರೈತರೇ ಮೊಬೈಲಿನಿಂದ ರೋಗದ ಸುದ್ದಿ ಕಳಿಸಲು ಒಂದು ಆ್ಯಪ್ ಕೂಡ ಬಂದಿತು. ಆದರೂ ಸುದ್ದಿ ಮುಟ್ಟಿಸಿದರೆ ಸರ್ಕಾರದವರು ಹೊಂಡ ಖಾಲಿ ಮಾಡಿಸುತ್ತಾರೆ, ಮೀನು ಯಾರೂ ಕೊಳ್ಳುವುದಿಲ್ಲ ಎಂಬ ಭಯದಿಂದ ರೈತರು ಮುಚ್ಚಿಡುವುದೇ ಹೆಚ್ಚು. ಅವರ ಭಯ ಆಧಾರವಿಲ್ಲದ್ದೆಂದು ನಾನು ಹೇಳಲಾರೆ.

ಉದ್ಯೋಗವಾಗಿ ನೋಡಿದರೆ ಇದರ ದಾರಿಗಳು ಕೆಲವೇ. ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ ಸಂಸ್ಥೆಗಳಲ್ಲಿ ವಿಜ್ಞಾನಿಯಾಗಲು ಕೃಷಿ ಸಂಶೋಧನಾ ಸೇವೆಯ, ಅಂದರೆ ಎಆರ್‌ಎಸ್ ಪರೀಕ್ಷೆ ಬರೆಯಬೇಕು, ಅದರಲ್ಲಿ ಮೀನಿನ ಆರೋಗ್ಯ ಪ್ರತ್ಯೇಕ ವಿಷಯವಾಗಿಯೇ ಇದೆ. ವಿಶ್ವವಿದ್ಯಾಲಯಗಳಲ್ಲಿ ಬೋಧನೆ, ಕೃಷಿ ವಿಜ್ಞಾನ ಕೇಂದ್ರಗಳು, ರಾಜ್ಯದ ಮೀನುಗಾರಿಕೆ ಇಲಾಖೆ ಇವೆ. ಇಲಾಖೆಗೆ ಹೋದವರು ರೋಗದ ಕೆಲಸಕ್ಕಿಂತ ಯೋಜನೆ, ಟೆಂಡರು, ಸಹಾಯಧನದ ಕಡತಗಳಲ್ಲಿಯೇ ಹೆಚ್ಚು ಕಳೆಯುತ್ತಾರೆ. ಮೇವಿನ ಮತ್ತು ಔಷಧಿಯ ಕಂಪನಿಗಳು ಬೇಗ ಕೆಲಸ ಕೊಡುತ್ತವೆ, ಸಂಬಳವೂ ಆರಂಭದಲ್ಲಿ ಚೆನ್ನಾಗಿರುತ್ತದೆ. ಆದರೆ ಮಾರಾಟದ ಗುರಿ ಹೊತ್ತವರು ಹೊಂಡದ ಬದಿಯಲ್ಲಿ ನಿಂತು ಔಷಧಿ ಬೇಡ ಎನ್ನುವುದು ಸುಲಭವಲ್ಲ, ಅದನ್ನು ತಿಳಿದೇ ಹೋಗಬೇಕು. ಯೋಜನೆಗಳಡಿಯ ತಾತ್ಕಾಲಿಕ ಹುದ್ದೆಗಳಲ್ಲಿ ವರ್ಷಗಳನ್ನು ಕಳೆದವರು ನನ್ನ ಜೊತೆಯವರಲ್ಲಿಯೇ ಹಲವರಿದ್ದಾರೆ.

ಇನ್ನೊಂದು ತೊಡಕು ಕಾನೂನಿನದು. 1984ರ ಪಶುವೈದ್ಯ ಪರಿಷತ್ ಕಾಯಿದೆಯಡಿ ನೋಂದಣಿಯಾಗುವವರು ಪಶುವೈದ್ಯ ಪದವೀಧರರು. ಮೀನುಗಾರಿಕೆ ಪದವೀಧರರಿಗೆ ಆ ನೋಂದಣಿ ಇಲ್ಲ. ರೋಗ ಪತ್ತೆ ಮಾಡುವವರು ನಾವು, ಔಷಧಿ ಬರೆದುಕೊಡುವ ಅಧಿಕಾರದ ಮಾತು ಬಂದಾಗ ಹಿಂದೆ ಸರಿಯಬೇಕಾದವರೂ ನಾವೇ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಓದಿದ ಸ್ನೇಹಿತರೊಂದಿಗೆ ಈ ಬಗ್ಗೆ ನನ್ನ ವಾದ ಇನ್ನೂ ಮುಗಿದಿಲ್ಲ. ಅಮೆರಿಕದಲ್ಲಿ ಅಲ್ಲಿನ ಮೀನುಗಾರಿಕೆ ತಜ್ಞರ ಸಂಘದ ಮೀನು ಆರೋಗ್ಯ ವಿಭಾಗ, ಪಶುವೈದ್ಯರಲ್ಲದವರಿಗೂ ಮೀನು ರೋಗತಜ್ಞರೆಂಬ ಪ್ರಮಾಣಪತ್ರ ಕೊಡುವ ಪದ್ಧತಿ ಇಟ್ಟುಕೊಂಡಿದೆ. ನಮ್ಮಲ್ಲಿ ಅಂಥದ್ದೊಂದು ಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಅದಿಲ್ಲದ ಕಡೆ ಔಷಧಿ ಅಂಗಡಿಯ ಹುಡುಗನೇ ಹೊಂಡಗಳ ವೈದ್ಯನಾಗಿರುತ್ತಾನೆ.

ಮೈಗೆ ಆಗುವ ಅಪಾಯಗಳನ್ನೂ ಹೇಳಬೇಕು. ಫಾರ್ಮಲಿನ್ ಕ್ಯಾನ್ಸರ್ ತರಬಲ್ಲ ವಸ್ತು, ಹೊಗೆ ಹೀರುವ ಪೆಟ್ಟಿಗೆಯ ಒಳಗಲ್ಲದೆ ಅದನ್ನು ತೆರೆಯಬಾರದು. ರೆಕ್ಕೆಯ ಮುಳ್ಳು ಚುಚ್ಚಿದ ಬೆರಳನ್ನು ಉದಾಸೀನ ಮಾಡಬಾರದು. ಕ್ಷಯದ ಬ್ಯಾಕ್ಟೀರಿಯಾದ ಬಳಗಕ್ಕೆ ಸೇರಿದ ಮೈಕೋಬ್ಯಾಕ್ಟೀರಿಯಂ ಮರೀನಮ್ ಅಂಥ ಗಾಯದಿಂದ ಕೈಗೆ ಹತ್ತಿ ತಿಂಗಳುಗಟ್ಟಲೆ ಗಂಟಾಗಿ ಕಾಡುತ್ತದೆ, ಎಷ್ಟೋ ವೈದ್ಯರಿಗೆ ನಾವೇ ನಮ್ಮ ಕೆಲಸ ಇಂಥದ್ದೆಂದು ಹೇಳಿದ ಮೇಲೆ ಅದು ಹೊಳೆಯುತ್ತದೆ. ವಾಸನೆಯ ಬಗ್ಗೆ ಹೇಳುವುದೇ ಬೇಡ, ಸಂಜೆ ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ ಸಿಗುತ್ತದೆ.

ಪ್ರತಿ ವರ್ಷ ನಮ್ಮಲ್ಲಿಗೆ ತರಬೇತಿಗೆ ಬರುವ ವಿದ್ಯಾರ್ಥಿಗಳಿಗೆ ಮೊದಲ ಕೆಲವು ವಾರ ರೋಗದ ಮೀನನ್ನು ಮುಟ್ಟಲು ನಾನು ಬಿಡುವುದಿಲ್ಲ. ಹೆಸರಘಟ್ಟದ ಕಡೆಯಿಂದ ಜೀವಂತ ಕಾಟ್ಲಾ, ರೋಹು, ಗೆಂಡೆಗಳನ್ನು ತರಿಸಿ, ಆರೋಗ್ಯವಂತ ಮೀನನ್ನೇ ಕೊಯ್ದು ಕೊಯ್ದು ನೋಡಲು ಹಚ್ಚುತ್ತೇನೆ. ಹೊಟ್ಟೆ ತುಂಬಿದ ಮೀನಿನ ಯಕೃತ್ತು ಎಷ್ಟು ಬಿಳಿಚಾಗಿರಬಹುದು, ಮೊಟ್ಟೆ ತುಂಬಿದ ಹೆಣ್ಣಿನ ಹೊಟ್ಟೆ ಜಲೋದರದಂತೆ ಹೇಗೆ ಕಾಣುತ್ತದೆ, ಸತ್ತು ಒಂದು ಗಂಟೆಯಾದ ಕಿವಿರು ಯಾವ ಬಣ್ಣಕ್ಕೆ ತಿರುಗುತ್ತದೆ, ಎರಡು ಗಂಟೆಯಾದದ್ದು ಯಾವ ಬಣ್ಣಕ್ಕೆ, ಇವೆಲ್ಲವನ್ನೂ ಅವರು ತಮ್ಮ ಪುಸ್ತಕದಲ್ಲಿ ಬರೆದು, ಬಿಡಿಸಿ ತೋರಿಸಬೇಕು. ಕೆಲವರು ಬೇಸತ್ತು ಬೇರೆ ವಿಭಾಗಕ್ಕೆ ಹೋಗುತ್ತಾರೆ. ಉಳಿದವರನ್ನು ಆಮೇಲೆ ಬೆಳಗಿನ ಜಾವ ಕೆರೆಗೆ ಕರೆದುಕೊಂಡು ಹೋಗುತ್ತೇನೆ, ಮೀಟರು ಹಿಡಿಯುವುದು ಅವರ ಕೆಲಸ.